ಮಕ್ಕಳು ಹೋದ ಶಕೆ: ಹ್ಯಾಮೆಲಿನ್ ಊರಿನ ಪ್ರಕರಣ

ಇಲಿಗಳಿಂದ ಶುರು ಮಾಡಿದರೆ ಈ ಪ್ರಕರಣ ತಪ್ಪು ದಾರಿ ಹಿಡಿಯುತ್ತದೆ. ಆದರೆ ನಮಗೆಲ್ಲ ಮೊದಲು ನೆನಪಾಗುವುದು ಇಲಿಗಳೇ, ಅಲ್ವಾ? ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ರಾಗವಾಗಿ ಓದಿಕೊಂಡು ಬೆಳೆದವರು ನಾವು. ಅಲ್ಲಿ ಊರು ತುಂಗೆಯ ದಡದಲ್ಲಿದೆ. ಮಾತಿಗೆ ತಪ್ಪುವವನು ಊರ ಗೌಡ. ಜೋಗಿಯ ಕೈಯಲ್ಲಿರುವುದು ಕಿಂದರಿ. ಆ ಪದ್ಯಕ್ಕೆ ಮೂಲ, ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಒಂದು ಕಥನ ಕವನ. ಬ್ರೌನಿಂಗ್‌ನಿಂದ ಇನ್ನೂ ಐದೂವರೆ ನೂರು ವರ್ಷ ಹಿಂದಕ್ಕೆ ಹೋದರೆ ಒಂದು ನಿಜವಾದ ಊರು, ಒಂದು ನಿಜವಾದ ತಾರೀಖು ಸಿಗುತ್ತವೆ. ಇಲಿ ಮಾತ್ರ ಸಿಗುವುದಿಲ್ಲ.

ಊರಿನ ಹೆಸರು ಹ್ಯಾಮೆಲಿನ್. ಅಲ್ಲಿನವರ ಬಾಯಲ್ಲಿ ಅದು ಹಾಮೆಲ್ನ್. ಜರ್ಮನಿಯ ಉತ್ತರ ಭಾಗದಲ್ಲಿ, ಹ್ಯಾನೋವರ್ ನಗರದಿಂದ ನೈಋತ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ವೇಸರ್ ನದಿಯ ದಡದಲ್ಲಿದೆ. ತಾರೀಖು 1284ರ ಜೂನ್ 26. ಆ ದಿನ ಈ ಊರಿನ 130 ಮಕ್ಕಳು ಪೂರ್ವದ ಬಾಗಿಲು ದಾಟಿ ಹೋದರು, ಮತ್ತೆ ಬರಲಿಲ್ಲ ಎಂದು ಊರು ಹೇಳುತ್ತದೆ. ಏಳು ಶತಮಾನ ಕಳೆದರೂ ಹೇಳುತ್ತಲೇ ಇದೆ.

ಇದನ್ನು ನಾನು ಕಥೆಯಾಗಿ ಅಲ್ಲ, ಒಂದು ಪ್ರಕರಣವಾಗಿ ನೋಡಬೇಕೆಂದಿದ್ದೇನೆ. ದಾರಿ ಸರಳ. ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ ಸೇರಿತು ಎಂದು ಬೇರೆ ಮಾಡುವುದು. ಹೇಳುವ ಬಾಯಿ ಬದಲಾದರೂ ಬದಲಾಗದೆ ಉಳಿದದ್ದು ಏನು ಎಂದು ಹುಡುಕುವುದು.

ಬೀಸುವ ಕಲ್ಲಿನ ಊರು

ಹಾಮೆಲ್ ಎಂಬ ಸಣ್ಣ ಹೊಳೆ ವೇಸರ್ ನದಿಗೆ ಸೇರುವ ಕಡೆ ಈ ಊರು ಹುಟ್ಟಿತು. ಊರಿನ ಹೆಸರೂ ಅಲ್ಲಿಂದಲೇ ಬಂದದ್ದು. ಒಂಬತ್ತನೇ ಶತಮಾನದಲ್ಲಿ ಫುಲ್ಡಾ ಎಂಬ ದೊಡ್ಡ ಮಠದ ಸನ್ಯಾಸಿಗಳು ಇಲ್ಲಿ ಒಂದು ಸಣ್ಣ ಮಠ ಕಟ್ಟಿದರು. ಸಂತ ಬೋನಿಫೇಸ್‌ನ ಹೆಸರಿನ ಚರ್ಚ್ ಈಗಲೂ ಅದೇ ಜಾಗದಲ್ಲಿ ನಿಂತಿದೆ. ಮಠದ ಸುತ್ತ ಮನೆಗಳು ಬಂದವು, ಸಂತೆ ಕೂಡಿತು. 1200ರ ಹೊತ್ತಿಗೆ ಅದು ಪಟ್ಟಣವಾಗಿತ್ತು.

ಹಳೆಯ ಕಾಲದಲ್ಲಿ ಇದಕ್ಕೆ ‘ಕ್ವೆರ್ನ್‌ಹಾಮೆಲ್ನ್’ ಎಂಬ ಹೆಸರೂ ಇತ್ತು. ಕ್ವೆರ್ನ್ ಅಂದರೆ ಬೀಸುವ ಕಲ್ಲು. ಬೀಸುವ ಕಲ್ಲಿನ ಹಾಮೆಲ್ನ್. ನದಿಯ ನೀರಿಗೆ ತಿರುಗುವ ಹಿಟ್ಟಿನ ಗಿರಣಿಗಳೇ ಊರಿನ ಸಂಪತ್ತು. ಸುತ್ತಲಿನ ಹಳ್ಳಿಗಳ ಕಾಳು ಇಲ್ಲಿಗೆ ಬಂದು ಹಿಟ್ಟಾಗಿ ಹೋಗುತ್ತಿತ್ತು. ಊರಿನ ಲಾಂಛನದಲ್ಲಿ ಇವತ್ತಿಗೂ ಬೀಸುವ ಕಲ್ಲು ಇದೆ. ಕಾಳು, ಹಿಟ್ಟು ಇದ್ದ ಕಡೆ ಇಲಿ ಇಲ್ಲದೆ ಇರುತ್ತದೆಯೇ? ಇದ್ದೇ ಇರುತ್ತದೆ. ಇಲಿಯ ಕಥೆ ಈ ಊರಿಗೆ ಅಷ್ಟು ಸಲೀಸಾಗಿ ಅಂಟಿಕೊಳ್ಳಲು ಅದೂ ಒಂದು ಕಾರಣ ಎಂದು ನನಗನಿಸುತ್ತದೆ. ಆದರೆ ಅದು ಅಂಟಿಕೊಂಡದ್ದು ತುಂಬಾ ತಡವಾಗಿ.

1284ಕ್ಕೆ ಸ್ವಲ್ಪ ಮೊದಲು ಈ ಊರಿಗೆ ಒಂದು ದೊಡ್ಡ ಪೆಟ್ಟು ಬಿದ್ದಿತ್ತು. 1259ರಲ್ಲಿ ಫುಲ್ಡಾದವರು ಹ್ಯಾಮೆಲಿನ್ ಮೇಲಿನ ತಮ್ಮ ಹಕ್ಕನ್ನು ಮಿಂಡನ್ ಊರಿನ ಬಿಷಪ್‌ಗೆ ಮಾರಿಬಿಟ್ಟರು. ಊರಿನವರನ್ನು ಯಾರೂ ಕೇಳಲಿಲ್ಲ. ಊರಿನವರು ಒಪ್ಪಲೂ ಇಲ್ಲ. 1260ರ ಜುಲೈ 28ರಂದು ಸೆಡೆಮ್ಯೂಂಡೆ ಎಂಬಲ್ಲಿ ಬಿಷಪ್‌ನ ಸೈನ್ಯದ ಎದುರು ಹ್ಯಾಮೆಲಿನ್ನಿನ ಯುವಕರು ಹೋರಾಡಿದರು, ಸೋತರು. ಎಷ್ಟೋ ಜನ ಸತ್ತರು. ಆಮೇಲೆ ಊರು ಬ್ರೌನ್‌ಷ್ವೈಗ್‌ನ ಡ್ಯೂಕ್‌ಗಳ ಕೈಗೆ ಹೋಯಿತು. 1277ರಲ್ಲಿ ಡ್ಯೂಕ್ ಆಲ್ಬ್ರೆಕ್ಟ್ ಊರಿನ ಹಕ್ಕುಗಳನ್ನು ಬರೆದು ಖಾತ್ರಿ ಮಾಡಿಕೊಟ್ಟ. ಅದಾಗಿ ಏಳು ವರ್ಷಕ್ಕೆ ನಮ್ಮ ಜೂನ್ 26 ಬರುತ್ತದೆ.

ಮೊದಲ ಹೇಳಿಕೆ ಏನು ಹೇಳುತ್ತದೆ

ನಮಗೆ ಸಿಕ್ಕಿರುವ ಹಳೆಯ ಪೂರ್ತಿ ವಿವರಣೆ ಲ್ಯೂನೆಬುರ್ಗ್ ಹಸ್ತಪ್ರತಿಯಲ್ಲಿದೆ. ಸುಮಾರು 1440ರ ಆಸುಪಾಸಿನದು. ಯಾವುದೋ ಧಾರ್ಮಿಕ ಗ್ರಂಥದ ಪ್ರತಿಯ ಕೊನೆಯಲ್ಲಿ, ಖಾಲಿ ಉಳಿದ ಜಾಗದಲ್ಲಿ, ಲ್ಯಾಟಿನ್ ಭಾಷೆಯಲ್ಲಿ ಯಾರೋ ಸೇರಿಸಿದ ಟಿಪ್ಪಣಿ. ಹ್ಯಾಮೆಲಿನ್ನಿನ ಇತಿಹಾಸ ಹುಡುಕುತ್ತಿದ್ದ ಹೈನ್ರಿಕ್ ಶ್ಪಾನುಟ್ ಎಂಬ ಮೇಷ್ಟ್ರು 1936ರಲ್ಲಿ ಅದನ್ನು ಬೆಳಕಿಗೆ ತಂದರು.

ಆ ಟಿಪ್ಪಣಿಯ ಸಾರ ಇದು. 1284ರಲ್ಲಿ, ಸಂತ ಯೋಹಾನ ಮತ್ತು ಪೌಲರ ಹಬ್ಬದ ದಿನ, ಅಂದರೆ ಜೂನ್ 26ರಂದು, ಮೂವತ್ತು ವರ್ಷದ ಒಬ್ಬ ಸುಂದರ ಯುವಕ ಸೇತುವೆ ದಾಟಿ, ವೇಸರ್ ಬಾಗಿಲಿನಿಂದ ಊರೊಳಗೆ ಬಂದ. ತುಂಬಾ ಚೆನ್ನಾಗಿ ಬಟ್ಟೆ ತೊಟ್ಟಿದ್ದ. ನೋಡಿದವರೆಲ್ಲ ಅವನ ರೂಪಕ್ಕೆ, ಉಡುಪಿಗೆ ಬೆರಗಾದರು. ಅವನ ಹತ್ತಿರ ವಿಚಿತ್ರ ಆಕಾರದ ಒಂದು ಬೆಳ್ಳಿಯ ಕೊಳಲಿತ್ತು. ಊರ ತುಂಬ ಅದನ್ನು ಊದುತ್ತಾ ನಡೆದ. ಕೇಳಿದ ಮಕ್ಕಳೆಲ್ಲ, ಸುಮಾರು 130 ಮಕ್ಕಳು, ಅವನ ಹಿಂದೆ ಹೊರಟರು. ಪೂರ್ವದ ಬಾಗಿಲು ದಾಟಿ, ತಪ್ಪಿತಸ್ಥರ ತಲೆ ಕಡಿಯುವ ಜಾಗದವರೆಗೆ ಹೋದರು. ಅಲ್ಲಿಂದ ಮುಂದೆ ಅವರು ಕಾಣಲಿಲ್ಲ. ತಾಯಂದಿರು ಊರಿಂದ ಊರಿಗೆ ಓಡಿ ಹುಡುಕಿದರು. ಯಾರೂ ಸಿಗಲಿಲ್ಲ.

ಅಷ್ಟೇ. ಇಲಿ ಇಲ್ಲ. ಒಪ್ಪಂದ ಇಲ್ಲ. ಕೂಲಿ ಕೊಡದೆ ಮೋಸ ಮಾಡಿದ ಊರ ಯಜಮಾನರು ಇಲ್ಲ. ಸೇಡು ಕೂಡ ಇಲ್ಲ. ಯಾಕೆ ಕರೆದುಕೊಂಡು ಹೋದ ಎಂದು ಬರೆದವನು ಹೇಳುವುದೇ ಇಲ್ಲ.

ಟಿಪ್ಪಣಿಯಲ್ಲಿ ಇನ್ನೆರಡು ಮಾತಿವೆ. ನನ್ನನ್ನು ಈ ಪ್ರಕರಣಕ್ಕೆ ಕಟ್ಟಿಹಾಕಿದ್ದು ಅವೇ. ಮೊದಲನೆಯದು: ಯೋಹಾನ್ ಎಂಬ ಪಾದ್ರಿಯ ತಾಯಿ ಆ ಮಕ್ಕಳು ಹೊರಟು ಹೋಗುವುದನ್ನು ಕಣ್ಣಾರೆ ಕಂಡಿದ್ದಳು. ಯಾರೋ ರಾಜ, ಯಾರೋ ಸಂತ ಅಲ್ಲ. ಒಬ್ಬ ತಾಯಿ. ಸಾಕ್ಷಿಯಾಗಿ ಇಡೀ ಟಿಪ್ಪಣಿಯಲ್ಲಿ ನಿಲ್ಲುವವಳು ಅವಳೊಬ್ಬಳೇ. ಎರಡನೆಯದು: ಬೇರೆಯವರು ಕ್ರಿಸ್ತ ಹುಟ್ಟಿದ ವರ್ಷದಿಂದ ಎಣಿಸುವ ಹಾಗೆ, ಹ್ಯಾಮೆಲಿನ್ನಿನವರು ಮಕ್ಕಳು ಹೋದ ವರ್ಷದಿಂದ ಎಣಿಸುತ್ತಾರೆ.

ಈ ಎರಡನೆಯ ಮಾತಿನ ತೂಕ ನಮಗೆ ಚೆನ್ನಾಗಿ ಗೊತ್ತಾಗಬೇಕು. ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ ಇದೆ. ಶಾಸನಗಳಲ್ಲಿ ಚಾಳುಕ್ಯ ವಿಕ್ರಮ ಶಕೆ ಇದೆ. ಶಕೆ ಶುರುವಾಗುವುದು ರಾಜನ ಹೆಸರಿನಲ್ಲಿ, ಪಟ್ಟಾಭಿಷೇಕದಿಂದ, ಗೆಲುವಿನಿಂದ. ಇಲ್ಲಿ ಒಂದು ಊರು ಮಕ್ಕಳನ್ನು ಕಳೆದುಕೊಂಡ ದಿನದಿಂದ ತನ್ನ ಶಕೆಯನ್ನು ಶುರು ಮಾಡಿದೆ.

ಕಲ್ಲಿನಲ್ಲಿ, ಗಾಜಿನಲ್ಲಿ, ಗೋಡೆಯಲ್ಲಿ

ಸುಮ್ನೆ ಬಾಯಿಮಾತಾಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಆ ಎಣಿಕೆಗೆ ಕಲ್ಲಿನ ಸಾಕ್ಷಿ ಇದೆ.

1556ರಲ್ಲಿ ಊರಿನವರು ಕೋಟೆಗೆ ಒಂದು ಹೊಸ ಬಾಗಿಲು ಕಟ್ಟಿಸಿದರು. ಅದರ ಕಲ್ಲಿನಲ್ಲಿ ಲ್ಯಾಟಿನ್ ಸಾಲುಗಳನ್ನು ಕೆತ್ತಿಸಿದರು. ಮಾಟಗಾರನೊಬ್ಬ ಊರಿನಿಂದ 130 ಮಕ್ಕಳನ್ನು ಕರೆದೊಯ್ದು 272 ವರ್ಷವಾದ ಮೇಲೆ ಈ ಬಾಗಿಲು ಕಟ್ಟಲಾಯಿತು ಎಂಬುದು ಅದರ ಅರ್ಥ. ಲೆಕ್ಕ ಹಾಕಿ ನೋಡಿ. 1556ರಿಂದ 272 ಕಳೆದರೆ ಸರಿಯಾಗಿ 1284. ಹೊಸ ಬಾಗಿಲು ಕಟ್ಟುವುದು ಸಂತೋಷದ ಕೆಲಸ. ದುಡ್ಡು ಕೊಟ್ಟವರ ಹೆಸರು ಹಾಕಬಹುದಿತ್ತು. ದೇವರ ಸ್ತುತಿ ಬರೆಯಬಹುದಿತ್ತು. ಇವರು ಮಕ್ಕಳ ಲೆಕ್ಕ ಬರೆದರು.

ಅದಕ್ಕೂ ಮೊದಲಿನ ಸಾಕ್ಷಿ ಗಾಜಿನದು. ಸಂತೆ ಬೀದಿಯ ಸಂತ ನಿಕೋಲಾಯ್ ಚರ್ಚಿನಲ್ಲಿ ಸುಮಾರು 1300ರಲ್ಲಿ ಒಂದು ಬಣ್ಣದ ಗಾಜಿನ ಕಿಟಕಿ ಇಡಿಸಿದ್ದರು. ಅದರಲ್ಲಿ ಕೊಳಲೂದುವವನು, ಅವನ ಹಿಂದೆ ಮಕ್ಕಳು. ಘಟನೆ ನಡೆದು ಹದಿನೈದು ಇಪ್ಪತ್ತು ವರ್ಷದೊಳಗೆ ಅಂದರೆ, ಹೋದ ಮಕ್ಕಳ ತಂದೆ ತಾಯಿ ಇನ್ನೂ ಬದುಕಿದ್ದ ಕಾಲ. ಪ್ರತಿ ಭಾನುವಾರ ಪ್ರಾರ್ಥನೆಗೆ ಕೂತಾಗ ಆ ಕಿಟಕಿಯ ಬೆಳಕು ಅವರ ಮೇಲೆ ಬೀಳುತ್ತಿತ್ತು. 1572ರಲ್ಲಿ ಊರಿನ ಮೇಯರ್ ಫ್ರೀಡ್ರಿಕ್ ಪೊಪ್ಪೆನ್‌ಡೀಕ್ ಅದನ್ನು ದುರಸ್ತಿ ಮಾಡಿಸಿದ. 1660ರಲ್ಲಿ ಕಿಟಕಿ ನಾಶವಾಯಿತು. ಪುಣ್ಯಕ್ಕೆ 1592ರಲ್ಲಿ ಆಗುಸ್ಟಿನ್ ಫೊನ್ ಮ್ಯೋರ್ಸ್‌ಪೆರ್ಗ್ ಎಂಬ ಪ್ರವಾಸಿ ಜಮೀನ್ದಾರ ಒಂದು ಜಲವರ್ಣ ಚಿತ್ರ ಬರೆದಿಟ್ಟಿದ್ದ. ಅದು ಆ ಕಿಟಕಿಯನ್ನು ನೋಡಿ ಬರೆದದ್ದು ಎನ್ನುತ್ತಾರೆ. ಬಣ್ಣಬಣ್ಣದ ಪಟ್ಟೆಯ ಬಟ್ಟೆ ತೊಟ್ಟ ಕೊಳಲುಗಾರ, ಗೋಡೆಯೊಳಗಿನ ಊರು, ನದಿ, ದೂರದಲ್ಲಿ ಗುಡ್ಡದ ಕಡೆಗೆ ಹೋಗುತ್ತಿರುವ ಮಕ್ಕಳ ಸಾಲು.

ಆಮೇಲೆ ಗೋಡೆ. 1602-03ರಲ್ಲಿ ನಗರಸಭೆಯ ಸದಸ್ಯ ಹೆರ್ಮಾನ್ ಆರೆಂಡೆಸ್ ಒಂದು ಭರ್ಜರಿ ಮನೆ ಕಟ್ಟಿಸಿದ. ಈಗ ಅದನ್ನು ‘ಇಲಿ ಹಿಡಿಯುವವನ ಮನೆ’ ಎಂದು ಕರೆಯುತ್ತಾರೆ. ಆದರೆ ಅದರ ಪಕ್ಕದ ಗೋಡೆಯ ಬರಹದಲ್ಲಿ ಇಲಿಯ ಸುದ್ದಿಯೇ ಇಲ್ಲ! 1284ರ ಜೂನ್ 26ರಂದು, ಬಣ್ಣಬಣ್ಣದ ಬಟ್ಟೆ ತೊಟ್ಟ ಕೊಳಲೂದುವವನೊಬ್ಬ ಹ್ಯಾಮೆಲಿನ್ನಿನಲ್ಲಿ ಹುಟ್ಟಿದ 130 ಮಕ್ಕಳನ್ನು ಮರುಳು ಮಾಡಿ ಕರೆದೊಯ್ದ, ಅವರು ಕೊಪ್ಪೆನ್ ಗುಡ್ಡದ ಹತ್ತಿರ ಕಳೆದುಹೋದರು ಎಂದಷ್ಟೇ ಇದೆ. 1610ರಿಂದ 1617ರವರೆಗೆ ಕಟ್ಟಿದ ‘ಮದುವೆ ಮನೆ’ ಎಂಬ ದೊಡ್ಡ ಕಟ್ಟಡದ ಮೇಲೂ ಇದೇ ಮಾತು.

ಗಮನಿಸಿ. ಹಸ್ತಪ್ರತಿ, ಬಾಗಿಲಿನ ಕಲ್ಲು, ಮನೆಯ ಗೋಡೆ, ಮದುವೆ ಮನೆಯ ಗೋಡೆ. ಬರೆದವರು ಬೇರೆ, ಕಾಲ ಬೇರೆ, ಭಾಷೆಯೂ ಬೇರೆ. ಆದರೆ ವರ್ಷ ಅದೇ, ಸಂಖ್ಯೆ ಅದೇ. ಜನಪದ ಕಥೆಗಳು ಸಾಮಾನ್ಯವಾಗಿ ‘ಒಂದಾನೊಂದು ಕಾಲದಲ್ಲಿ’ ಎಂದು ಶುರುವಾಗುತ್ತವೆ. ಅವಕ್ಕೆ ತಾರೀಖು ಬೇಕಿಲ್ಲ. ಈ ಕಥೆಗೆ ಮೊದಲಿನಿಂದಲೂ ತಾರೀಖಿದೆ, ತಲೆ ಎಣಿಕೆ ಇದೆ, ಯಾವ ಬಾಗಿಲಿನಿಂದ ಹೋದರು ಎಂಬುದೂ ಇದೆ. ಏನೋ ಒಂದು ಖಂಡಿತ ನಡೆದಿದೆ ಎಂದು ನಾನು ನಂಬುವುದು ಇದಕ್ಕೇ.

ಇಲಿ ಬಂದದ್ದು ಯಾವಾಗ

ಇಲಿಗಳು ಬರುವುದು ಹದಿನಾರನೇ ಶತಮಾನದ ನಡುವೆ. ದಕ್ಷಿಣ ಜರ್ಮನಿಯ ಚಿಮ್ಮೆರ್ನ್ ಮನೆತನದ ಕೌಂಟ್ ಫ್ರೋಬೆನ್ ಕ್ರಿಸ್ಟೋಫ್ 1560ರ ಆಸುಪಾಸಿನಲ್ಲಿ ತನ್ನ ವಂಶದ ಚರಿತ್ರೆ ಬರೆಸಿದ. ಅದರಲ್ಲಿ ಮೊದಲ ಸಲ ಕೊಳಲೂದುವವನು ಇಲಿ ಓಡಿಸುವವನೂ ಆಗುತ್ತಾನೆ. ಊರಿನವರು ಮಾತು ಕೊಟ್ಟ ಹಣ ಕೊಡುವುದಿಲ್ಲ. ಅವನು ಮಕ್ಕಳನ್ನು ಕರೆದೊಯ್ದು ಸೇಡು ತೀರಿಸಿಕೊಳ್ಳುತ್ತಾನೆ. ಅಂದರೆ ಘಟನೆ ನಡೆದು ಸುಮಾರು 280 ವರ್ಷದ ಮೇಲೆ. ಅದೂ ಹ್ಯಾಮೆಲಿನ್ನಿನಲ್ಲಿ ಅಲ್ಲ, ದೂರದ ಇನ್ನೊಂದು ಸೀಮೆಯಲ್ಲಿ.

ಯಾಕೆ ಸೇರಿತು? ಆಗ ಇಲಿ ಹಿಡಿಯುವುದು ನಿಜವಾಗಿಯೂ ಒಂದು ಕಸುಬು. ಊರೂರು ಅಲೆಯುವವರ ಕಸುಬು. ಅಲೆಮಾರಿಗಳನ್ನು ಊರಿನವರು ಕರೆಯುತ್ತಿದ್ದರು, ಕೆಲಸ ಮಾಡಿಸಿಕೊಳ್ಳುತ್ತಿದ್ದರು, ಹೆದರುತ್ತಲೂ ಇದ್ದರು. ಮಂತ್ರ ಹಾಕಿ ಇಲಿ ಓಡಿಸುವವನ ಕಥೆಗಳು ಬೇರೆ ಊರುಗಳಲ್ಲೂ ಇದ್ದವು. ಆ ಕಥೆ ಬಂದು ಈ ಗಾಯದ ಮೇಲೆ ಕೂತಿತು ಎಂದು ಜಾಸ್ತಿ ವಿದ್ವಾಂಸರು ಒಪ್ಪುತ್ತಾರೆ. ಹಳೆಯ ಕಥೆಯಲ್ಲಿ ಒಂದು ದೊಡ್ಡ ಖಾಲಿ ಜಾಗ ಇತ್ತಲ್ಲ, ‘ಯಾಕೆ?’ ಎಂಬುದು. ಕಾರಣವಿಲ್ಲದ ನೋವನ್ನು ಮೊಮ್ಮಕ್ಕಳಿಗೆ ಹೇಳುವುದು ಬಹಳ ಕಷ್ಟ. ಇಲಿ, ಒಪ್ಪಂದ, ಮೋಸ, ಸೇಡು ಎಂದು ಜೋಡಿಸಿದರೆ ನೋವಿಗೆ ಒಂದು ಕಾರಣ ಸಿಕ್ಕಿತು. ಆದರೆ ಅದರ ಜೊತೆಗೆ ತಪ್ಪು ಊರಿನವರ ತಲೆಗೆ ಬಂತು. ಮಕ್ಕಳನ್ನು ಕಳೆದುಕೊಂಡವರೇ ಕಥೆಯಲ್ಲಿ ಜಿಪುಣರೂ ಮೋಸಗಾರರೂ ಆದರು. ಇದು ನನಗೆ ಅನ್ಯಾಯ ಅನಿಸುತ್ತದೆ.

ಕಥೆ ಇಂಗ್ಲಿಷಿಗೆ ಹೋದದ್ದು 1605ರಲ್ಲಿ, ರಿಚರ್ಡ್ ವರ್ಸ್ಟೆಗನ್ ಬರೆದ ಪುಸ್ತಕದ ಮೂಲಕ. ಅವನು ಇಲಿಗಳನ್ನು ಉಳಿಸಿಕೊಂಡು ತಾರೀಖನ್ನು ಕಳೆದುಬಿಟ್ಟ. 1376ರ ಜುಲೈ 22 ಎಂದು ಬರೆದ. ಬ್ರೌನಿಂಗ್‌ನ ಕವನದಲ್ಲೂ ಅದೇ ತಾರೀಖು. ಹೀಗೆ ಇಂಗ್ಲಿಷ್ ಓದಿದ ಜಗತ್ತಿಗೆ ಆಮೇಲೆ ಸೇರಿದ್ದು ಪೂರ್ತಿ ತಲುಪಿತು, ಮೊದಲಿನಿಂದ ಇದ್ದದ್ದು ತಪ್ಪಾಗಿ ತಲುಪಿತು. ನಮ್ಮ ತುಂಗೆಯ ದಡಕ್ಕೆ ಬಂದದ್ದು ಈ ದಾರಿಯಿಂದ. ಕುವೆಂಪು ಅದನ್ನು ಪೂರ್ತಿ ನಮ್ಮ ಮನೆಯ ಕಥೆ ಮಾಡಿದರು. ಅದರ ಸೊಗಸಿಗೆ ಇಲಿಗಳೇ ಬೇಕು. ನಾನು ಇಲಿಗಳನ್ನು ಪದ್ಯದಿಂದ ಓಡಿಸಿ ಎನ್ನುತ್ತಿಲ್ಲ. ಹ್ಯಾಮೆಲಿನ್ನಿನ ಲೆಕ್ಕ ಬೇರೆ ಎಂದಷ್ಟೇ ಹೇಳುತ್ತಿದ್ದೇನೆ.

ಗ್ರಿಮ್ ಸಹೋದರರು 1816ರಲ್ಲಿ ಜರ್ಮನ್ ಐತಿಹ್ಯಗಳನ್ನು ಸೇರಿಸಿ ಪ್ರಕಟಿಸಿದಾಗ ಇದನ್ನೂ ಸೇರಿಸಿದರು. ಅದರಲ್ಲಿ ಹಿಂದೆ ಉಳಿದ ಇಬ್ಬರು ಮಕ್ಕಳಿದ್ದಾರೆ. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಮಾತಿಲ್ಲ. ಕಣ್ಣಿಲ್ಲದವನಿಗೆ ಜಾಗ ತೋರಿಸಲು ಆಗಲಿಲ್ಲ. ಮಾತಿಲ್ಲದವನಿಗೆ ಏನಾಯಿತೆಂದು ಹೇಳಲು ಆಗಲಿಲ್ಲ.

ಎಲ್ಲಿಗೆ ಹೋದರು

ಈ ಪ್ರಶ್ನೆಗೆ ನೂರೆಂಟು ಉತ್ತರ ಕೊಟ್ಟಿದ್ದಾರೆ. ನಡೆದೇ ಇಲ್ಲ ಎಂದವರೂ ಇದ್ದಾರೆ. 1659ರಲ್ಲಿ ಮಾರ್ಟಿನ್ ಸ್ಕೋಕ್ ಎಂಬ ಡಚ್ ಪ್ರೊಫೆಸರ್ ಇದು ಬರೀ ಕಟ್ಟುಕಥೆ ಎಂದು ಒಂದು ಪುಸ್ತಕವನ್ನೇ ಬರೆದ.

ಪ್ಲೇಗ್ ಎಂಬ ಊಹೆ ಇಲಿಗಳಿಂದ ಹುಟ್ಟಿದ್ದು. ಆದರೆ ದೊಡ್ಡ ಪ್ಲೇಗ್ ಜರ್ಮನಿಗೆ ಬಂದದ್ದು 1348ರ ಹೊತ್ತಿಗೆ. ಅರವತ್ತಕ್ಕೂ ಜಾಸ್ತಿ ವರ್ಷದ ವ್ಯತ್ಯಾಸ. ಇಲಿಗಳೇ ಮೂಲ ಕಥೆಯಲ್ಲಿ ಇಲ್ಲದ ಮೇಲೆ ಈ ಊಹೆ ನಿಲ್ಲುವುದಿಲ್ಲ. ಇನ್ನೊಂದು, 1212ರಲ್ಲಿ ಜೆರುಸಲೇಮಿನ ಕಡೆಗೆ ಹೊರಟ ಮಕ್ಕಳ ಧರ್ಮಯುದ್ಧ. ಅದೂ 72 ವರ್ಷ ಹಿಂದಿನದು. ಸೆಡೆಮ್ಯೂಂಡೆಯ ಯುದ್ಧದಲ್ಲಿ ಸತ್ತ ಯುವಕರೇ ಈ ‘ಮಕ್ಕಳು’ ಎಂಬ ವಾದವೂ ಇದೆ. ಕೇಳಲು ಚೆನ್ನಾಗಿದೆ. ಆದರೆ ಆ ಯುದ್ಧದ ತಾರೀಖು ಬೇರೆಯಾಗಿಯೇ ಉಳಿದಿದೆ. ಯುದ್ಧದಲ್ಲಿ ಸತ್ತವರನ್ನು ‘ಸತ್ತರು’ ಎಂದೇ ಹೇಳುತ್ತಾರೆ. ತಾಯಂದಿರು ಊರೂರು ಹುಡುಕುವುದಿಲ್ಲ.

ಕುಣಿತದ ರೋಗ ಎಂಬುದು ಸ್ವಲ್ಪ ಯೋಚಿಸುವಂಥ ಊಹೆ. 1237ರಲ್ಲಿ ಎರ್ಫುರ್ಟ್ ಊರಿನ ಮಕ್ಕಳು ಗುಂಪುಗುಂಪಾಗಿ ಕುಣಿಯುತ್ತಾ ಹತ್ತಿರದ ಆರ್ನ್‌ಸ್ಟಾಟ್ ಊರಿನವರೆಗೆ ಹೋದರು ಎಂಬ ದಾಖಲೆ ಇದೆ. ಆದರೆ ಅವರ ತಂದೆ ತಾಯಿ ಹೋಗಿ ಮಕ್ಕಳನ್ನು ಕರೆತಂದರು. ಹ್ಯಾಮೆಲಿನ್ನಿನ ಮಕ್ಕಳು ಬರಲಿಲ್ಲ.

ಉಳಿದದ್ದು ವಲಸೆ. ನನ್ನ ಮನಸ್ಸು ವಾಲುವುದು ಈ ಕಡೆಗೆ. ಹದಿಮೂರನೇ ಶತಮಾನದಲ್ಲಿ ಜರ್ಮನ್ ಮಾತಾಡುವ ಜನ ದೊಡ್ಡ ಸಂಖ್ಯೆಯಲ್ಲಿ ಪೂರ್ವಕ್ಕೆ ಹೋದರು. 1227ರ ಬೋರ್ನ್‌ಹ್ಯೋವೆಡ್ ಯುದ್ಧದಲ್ಲಿ ಡೆನ್ಮಾರ್ಕಿನ ರಾಜ ಸೋತ ಮೇಲೆ ಬಾಲ್ಟಿಕ್ ಸಮುದ್ರದ ದಕ್ಷಿಣ ತೀರ ಅವರಿಗೆ ತೆರೆಯಿತು. ಅಲ್ಲಿ ಕಾಡು ಕಡಿದು ಹೊಲ ಮಾಡಬೇಕಿತ್ತು. ಕೈಗಳು ಬೇಕಿದ್ದವು. ಅಲ್ಲಿನ ದೊರೆಗಳು, ಬಿಷಪ್‌ಗಳು ಜನ ಸೇರಿಸಲು ಮಧ್ಯವರ್ತಿಗಳನ್ನು ಕಳಿಸುತ್ತಿದ್ದರು. ಇವರಿಗೆ ‘ಲೊಕಾಟೋರ್’ ಎಂಬ ಹೆಸರು. ಊರೂರಿಗೆ ಹೋಗಿ, ಜನರ ಗಮನ ಸೆಳೆದು, ಹೊಸ ಸೀಮೆಯ ಆಸೆ ಹುಟ್ಟಿಸುವುದು ಇವರ ಕೆಲಸ. ಬಂದರೆ ಸ್ವಂತ ಜಮೀನು, ಕೆಲವು ವರ್ಷ ಕಂದಾಯವಿಲ್ಲ ಎಂಬ ಮಾತು ಕೊಡುತ್ತಿದ್ದರು. ಒಳ್ಳೆಯ ಬಟ್ಟೆ, ಬೆಳ್ಳಿಯ ಕೊಳಲು, ಊರೇ ಬೆರಗಾಗುವ ರೂಪ. ಹಸ್ತಪ್ರತಿಯ ಆ ಮೂವತ್ತು ವರ್ಷದ ಯುವಕ ಇಲಿ ಹಿಡಿಯುವವನ ಹಾಗಲ್ಲ, ಇಂಥ ಏಜೆಂಟನ ಹಾಗೆ ಕಾಣುತ್ತಾನೆ.

ಹಾಗಾದರೆ ‘ಮಕ್ಕಳು’ ಯಾಕೆ? ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಐವತ್ತು ವರ್ಷದವರನ್ನೂ ನಾವು ‘ಈ ಮಣ್ಣಿನ ಮಕ್ಕಳು’ ಎನ್ನುತ್ತೇವೆ. ಊರಲ್ಲಿ ಹುಟ್ಟಿದವರೆಲ್ಲ ಊರ ಮಕ್ಕಳೇ. ಜರ್ಮನ್‌ನಲ್ಲೂ ಈ ಬಳಕೆ ಇದೆ. ಗೋಡೆಯ ಬರಹಗಳು ‘ಹ್ಯಾಮೆಲಿನ್ನಿನಲ್ಲಿ ಹುಟ್ಟಿದವರು’ ಎಂದು ಮತ್ತೆ ಮತ್ತೆ ಒತ್ತಿ ಹೇಳುವುದನ್ನು ನೋಡಿ. ಹೋದವರಲ್ಲಿ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರೇ ಜಾಸ್ತಿ ಇದ್ದಿರಬಹುದು. ಅಣ್ಣನಿಗೆ ಮನೆ ಗದ್ದೆ ಹೋಗಿ, ತಮಗೆ ಏನೂ ಉಳಿಯದವರು.

ಎಲ್ಲಿಗೆ ಎಂಬುದಕ್ಕೆ ಒಂದು ಸುಳಿವು ಹೆಸರುಗಳಲ್ಲಿದೆ. ಭಾಷಾ ವಿದ್ವಾಂಸ ಯೂರ್ಗೆನ್ ಉಡಾಲ್ಫ್ ಊರಿನ ಹೆಸರುಗಳ ಬೆನ್ನು ಹತ್ತಿದರು. ವಲಸೆ ಹೋದವರು ಬಿಟ್ಟುಬಂದ ಊರಿನ ಹೆಸರನ್ನೇ ಹೊಸ ಊರಿಗೆ ಇಡುತ್ತಾರೆ. ಹಾಮೆಲ್ ಹೊಳೆ ಹುಟ್ಟುವ ಕಡೆ ಹಾಮೆಲ್‌ಶ್ಪ್ರಿಂಗೆ ಎಂಬ ಹಳ್ಳಿ ಇದೆ. ಹೆಸರಿನ ಅರ್ಥವೇ ಹಾಮೆಲ್ ಚಿಮ್ಮುವ ಜಾಗ ಎಂದು. ಬರ್ಲಿನ್ನಿನ ಉತ್ತರಕ್ಕೆ ಉಕರ್‌ಮಾರ್ಕ್ ಸೀಮೆಯಲ್ಲಿ ಹಾಮ್ಮೆಲ್‌ಶ್ಪ್ರಿಂಗ್ ಎಂಬ ಹಳ್ಳಿ ಇದೆ. ಅಲ್ಲಿ ಹಾಮೆಲ್ ಹೊಳೆ ಇಲ್ಲ! ವೇಸರ್ ದಡದ ಬೆವೆರುಂಗೆನ್ ಊರಿಗೆ ಜೋಡಿಯಾಗಿ ಬರ್ಲಿನ್ನಿನ ವಾಯವ್ಯಕ್ಕೆ ಬೆವೆರಿಂಗೆನ್ ಇದೆ. ಇಂಥ ಜೋಡಿಗಳನ್ನು ಹಿಡಿದು, ಹ್ಯಾಮೆಲಿನ್ ಕಡೆಯವರು ಪ್ರಿಗ್ನಿಟ್ಸ್, ಉಕರ್‌ಮಾರ್ಕ್ ದಾಟಿ ಬಾಲ್ಟಿಕ್ ತೀರದ ಪೊಮೆರಾನಿಯಾದವರೆಗೆ ಹೋದರು ಎನ್ನುತ್ತಾರೆ ಅವರು.

ಇನ್ನೊಂದು ವಾದ ಇಂದಿನ ಚೆಕ್ ದೇಶದ ಕಡೆ ಕೈ ತೋರಿಸುತ್ತದೆ. ಅಲ್ಲಿನ ಓಲೊಮೌಟ್ಸ್ ಊರಿನ ಬಿಷಪ್ ಬ್ರೂನೊ ಹ್ಯಾಮೆಲಿನ್ ಹತ್ತಿರದ ಶೌಂಬುರ್ಗ್ ಮನೆತನದವನು. ತನ್ನ ಸೀಮೆಗೆ ಜನರನ್ನು ಕರೆಸಿಕೊಂಡ. ಆದರೆ ಅವನು ಸತ್ತದ್ದು 1281ರಲ್ಲಿ, ಮೂರು ವರ್ಷ ಮೊದಲೇ. ಅಲ್ಲದೆ ಊರ ಹೆಸರುಗಳ ಸುಳಿವು ಉತ್ತರದ ಕಡೆಗೇ ಗಟ್ಟಿಯಾಗಿದೆ. ಗ್ರಿಮ್ ಸಹೋದರರು ಹೇಳುವ ಹಾಗೆ ಮಕ್ಕಳು ಗುಹೆ ಹೊಕ್ಕು ಇಂದಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಎದ್ದು ಬಂದರು ಎಂಬುದಂತೂ, ಅಲ್ಲಿ ಜರ್ಮನ್ ಮಾತಾಡುವವರು ಯಾಕಿದ್ದಾರೆ ಎಂಬ ಪ್ರಶ್ನೆಗೆ ಆಮೇಲೆ ಹೊಸೆದ ಉತ್ತರ. ಅಲ್ಲಿಗೆ ಜರ್ಮನರು ಹೋದದ್ದು ಅದಕ್ಕೂ ನೂರು ವರ್ಷ ಮೊದಲೇ.

ವಲಸೆಯ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಅದನ್ನು ಮುಚ್ಚಿಡಬಾರದು. ಸ್ವಂತ ಇಷ್ಟದಿಂದ ಹೊಸ ಬದುಕಿಗೆ ಹೋದವರಿಗಾಗಿ ಊರು ಯಾಕೆ ಇಷ್ಟು ಅತ್ತಿತು? ‘ಹೋದರು’ ಎನ್ನುವ ಬದಲು ‘ಕಳೆದುಹೋದರು’ ಎಂದು ಯಾಕೆ ಬರೆಯಿತು? ನನಗೆ ಹೊಳೆಯುವುದು ಇಷ್ಟು. ಆ ಕಾಲದಲ್ಲಿ ಐನೂರು ಕಿಲೋಮೀಟರ್ ದೂರ ಹೋದ ಮಗಳಿಂದ ಕಾಗದ ಬರುವುದಿಲ್ಲ. ಬರೆಯಲು ಅವಳಿಗೆ ಬರುವುದಿಲ್ಲ, ಓದಲು ತಾಯಿಗೆ ಬರುವುದಿಲ್ಲ. ಹೆರಿಗೆಗೆ ತವರಿಗೆ ಬರುವುದಿಲ್ಲ. ಬದುಕಿದ್ದಾಳೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಒಬ್ಬಿಬ್ಬರಾಗಿ ಹೋಗಿದ್ದರೆ ಮನೆಯೊಳಗಿನ ದುಃಖ. ಒಂದೇ ದಿನ, ಒಂದೇ ಬಾಗಿಲಿನಿಂದ, 130 ಜನ ಹೋದರೆ ಅದು ಇಡೀ ಊರಿನ ದುಃಖ. ಮರುದಿನ ಬೆಳಿಗ್ಗೆ ಗಿರಣಿಗೆ ಮೂಟೆ ಹೊರಲು ಹುಡುಗರಿಲ್ಲ. ನೀರಿಗೆ ಹೋಗುವ ಹುಡುಗಿಯರಿಲ್ಲ. ಆ ಖಾಲಿತನವನ್ನು ‘ವಲಸೆ’ ಎಂಬ ತಣ್ಣನೆಯ ಮಾತಿನಲ್ಲಿ ಅವರು ಹೇಗೆ ಬರೆದಾರು?

ಊರಿನ ಉಳಿದ ಬದುಕು

ಊರು ಅಲ್ಲಿಗೇ ನಿಲ್ಲಲಿಲ್ಲ. 1426ರಿಂದ 1572ರವರೆಗೆ ಹ್ಯಾಮೆಲಿನ್ ಹಾನ್ಸಾ ಎಂಬ ವ್ಯಾಪಾರಿ ಊರುಗಳ ಒಕ್ಕೂಟದಲ್ಲಿತ್ತು. 1540ರಲ್ಲಿ ಪ್ರಾಟೆಸ್ಟೆಂಟ್ ಆಯಿತು. ಅಲ್ಲಿಂದ ಮುಂದಿನ ಎಂಟು ದಶಕ ಊರಿನ ಒಳ್ಳೆಯ ಕಾಲ. ಕಾಳಿನ ವ್ಯಾಪಾರದಲ್ಲಿ ದುಡ್ಡು ಮಾಡಿದವರು ಕೆತ್ತನೆ ಕಲ್ಲಿನ ಮನೆಗಳನ್ನು ಕಟ್ಟಿಸಿದರು. ಈ ಶೈಲಿಗೆ ವೇಸರ್ ರಿನೈಸಾನ್ಸ್ ಎಂದೇ ಹೆಸರು. ವ್ಯಾಪಾರಿ ಗೆರ್ಡ್ ಲೈಸ್ಟ್ 1580ರ ದಶಕದಲ್ಲಿ ಕಟ್ಟಿಸಿದ ಮನೆಯಲ್ಲಿ ಈಗ ಊರಿನ ಮ್ಯೂಸಿಯಂ ಇದೆ.

1618ರಿಂದ 1648ರವರೆಗೆ ಜರ್ಮನಿಯಲ್ಲಿ ನಡೆದ ಮೂವತ್ತು ವರ್ಷದ ಯುದ್ಧ ಆ ಒಳ್ಳೆಯ ಕಾಲವನ್ನು ಮುಗಿಸಿತು. ಆಮೇಲೆ ಹ್ಯಾನೋವರ್ ದೊರೆಗಳು ಊರನ್ನು ದೊಡ್ಡ ಕೋಟೆ ಮಾಡಿದರು. ‘ಉತ್ತರದ ಜಿಬ್ರಾಲ್ಟರ್’ ಎಂದು ಹೆಸರಾಯಿತು. ಆ ಹೆಸರಿನ ಕೋಟೆ 1806ರಲ್ಲಿ ಫ್ರೆಂಚರಿಗೆ ಶರಣಾಯಿತು. ಎರಡು ವರ್ಷದಲ್ಲಿ ನೆಪೋಲಿಯನ್ ಅದನ್ನು ಕೆಡವಿಸಿದ.

ಇಪ್ಪತ್ತನೇ ಶತಮಾನದ ಎರಡು ಸಂಗತಿಗಳನ್ನು ಈ ಊರಿನ ಚರಿತ್ರೆಯಿಂದ ಬಿಡುವ ಹಾಗಿಲ್ಲ. ಊರಿನ ಪಕ್ಕದ ಬ್ಯೂಕೆಬೆರ್ಗ್ ಗುಡ್ಡದಲ್ಲಿ 1933ರಿಂದ 1937ರವರೆಗೆ ಪ್ರತಿ ವರ್ಷ ನಾಜಿಗಳು ಸುಗ್ಗಿ ಹಬ್ಬದ ಹೆಸರಿನಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿದರು. ಹಿಟ್ಲರ್ ಆ ಜನರ ನಡುವೆ ನಡೆದು ಗುಡ್ಡ ಹತ್ತುತ್ತಿದ್ದ. ಯುದ್ಧ ಮುಗಿದ ಮೇಲೆ ಇದೇ ಊರಿನ ಜೈಲಿನಲ್ಲಿ ಬ್ರಿಟಿಷರು 1945ರಿಂದ 1949ರವರೆಗೆ 150ಕ್ಕೂ ಹೆಚ್ಚು ಯುದ್ಧಾಪರಾಧಿಗಳನ್ನು ಗಲ್ಲಿಗೇರಿಸಿದರು. ಬೆರ್ಗೆನ್-ಬೆಲ್ಸೆನ್ ಎಂಬ ನಾಜಿ ಸೆರೆ ಶಿಬಿರದ ಕಮಾಂಡೆಂಟ್ ಯೋಸೆಫ್ ಕ್ರಾಮರ್ ಅವರಲ್ಲಿ ಒಬ್ಬ. ಆ ಜೈಲಿನ ಕಟ್ಟಡ ಈಗ ಹೋಟೆಲ್.

1945ರ ಏಪ್ರಿಲ್‌ನಲ್ಲಿ ಅಮೆರಿಕನ್ ಸೈನ್ಯ ಬಂದಾಗ ಸಂತ ನಿಕೋಲಾಯ್ ಚರ್ಚ್ ಹಾಳಾಯಿತು. ಆ ಹಳೆಯ ಕಿಟಕಿ ಇದ್ದ ಚರ್ಚ್ ಅದೇ. 1950ರ ದಶಕದ ಕೊನೆಯಲ್ಲಿ ಮತ್ತೆ ಕಟ್ಟಿದರು.

ಸದ್ದಿಲ್ಲದ ಬೀದಿ

ಇವತ್ತು ಹ್ಯಾಮೆಲಿನ್ನಿನಲ್ಲಿ ಸುಮಾರು 57 ಸಾವಿರ ಜನ ಇದ್ದಾರೆ. ಊರು ಇಲಿಯನ್ನು ಒಪ್ಪಿಕೊಂಡಿದೆ. ಹಿಟ್ಟಿನಲ್ಲಿ ಮಾಡಿ ಗಟ್ಟಿಯಾಗಿ ಸುಟ್ಟ ಇಲಿಗಳನ್ನು ಬೇಕರಿಗಳಲ್ಲಿ ನೆನಪಿನ ಕಾಣಿಕೆಯಾಗಿ ಮಾರುತ್ತಾರೆ. ನೋಡಬೇಕಾದ ಜಾಗಗಳಿಗೆ ದಾರಿ ತೋರಿಸಲು ಬೀದಿಯ ಕಲ್ಲುಗಳ ಮೇಲೆ ಇಲಿಯ ಗುರುತುಗಳಿವೆ. ಮದುವೆ ಮನೆಯ ಗಡಿಯಾರದ ಗಂಟೆಗಳ ಜೊತೆ ಕೊಳಲೂದುವವನ ಗೊಂಬೆ ಹೊರಬರುತ್ತದೆ. 1956ರಿಂದ ಬೇಸಿಗೆಯ ಭಾನುವಾರಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಅದೇ ಕಟ್ಟಡದ ಮುಂದೆ ಊರಿನವರೇ ಬಯಲಾಟ ಆಡುತ್ತಾರೆ. ಆಟಕ್ಕೆ ಟಿಕೆಟ್ ಇಲ್ಲ. ಊರಿನ ಮಕ್ಕಳೇ ಬೂದು ಬಟ್ಟೆ ತೊಟ್ಟು ಇಲಿಗಳಾಗುತ್ತಾರೆ. ಊರಿನ ಮಕ್ಕಳೇ ಕೊಳಲಿನ ಹಿಂದೆ ಹೋಗುವ ಮಕ್ಕಳೂ ಆಗುತ್ತಾರೆ. 2014ರಲ್ಲಿ ಜರ್ಮನಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಈ ಕಥೆಯನ್ನೂ ಅದರ ಸುತ್ತಲಿನ ಆಚರಣೆಯನ್ನೂ ಸೇರಿಸಿತು.

ಇದನ್ನು ಬರೀ ವ್ಯಾಪಾರ ಎನ್ನಲು ನನಗೆ ಮನಸ್ಸಿಲ್ಲ. ಕಥೆಯಿಂದ ಊರು ಊಟ ಮಾಡುತ್ತಿದೆ, ನಿಜ. ಆದರೆ ಇಲಿಯ ಕಥೆ ಇಷ್ಟು ಗದ್ದಲ ಮಾಡುವ ಅದೇ ಊರಿನಲ್ಲಿ ಹಳೆಯ ಕಥೆಗಾಗಿ ಒಂದು ಬೀದಿಯನ್ನು ಸುಮ್ಮನೆ ಇಟ್ಟಿದ್ದಾರೆ.

ಆ ಬೀದಿ ಇರುವುದು ಆರೆಂಡೆಸ್ ಕಟ್ಟಿಸಿದ ಮನೆಯ ಪಕ್ಕದಲ್ಲೇ. ಮಕ್ಕಳ ಸುದ್ದಿ ಬರೆದ ಆ ಗೋಡೆ ಈ ಬೀದಿಗೆ ಮುಖ ಮಾಡಿದೆ. ಹೆಸರು ಬುಂಗೆಲೋಸೆನ್‌ಸ್ಟ್ರಾಸೆ. ಬುಂಗೆ ಎಂದರೆ ಹಳೆಯ ಮಾತಿನಲ್ಲಿ ತಮಟೆ. ತಮಟೆಯಿಲ್ಲದ ಬೀದಿ. ಮಕ್ಕಳು ಕೊನೆಯ ಸಲ ನಡೆದು ಹೋದದ್ದು ಇದೇ ದಾರಿಯಲ್ಲಿ ಎಂದು ಊರಿನವರ ನಂಬಿಕೆ. ಅಲ್ಲಿ ವಾದ್ಯ ಬಾರಿಸುವಂತಿಲ್ಲ, ಕುಣಿಯುವಂತಿಲ್ಲ. ಮದುವೆಯ ಮೆರವಣಿಗೆ ಬಂದರೂ ಅಷ್ಟೇ. ಬೀದಿಯ ತಿರುವು ಬರುತ್ತಿದ್ದಂತೆ ವಾದ್ಯದವರು ನಿಲ್ಲಿಸುತ್ತಾರೆ. ಮದುಮಕ್ಕಳು, ನೆಂಟರು ಮಾತಿಲ್ಲದೆ ನಡೆಯುತ್ತಾರೆ. ಕಲ್ಲು ಹಾಸಿನ ಮೇಲೆ ಕಾಲಿನ ಸದ್ದು ಮಾತ್ರ ಕೇಳುತ್ತದೆ. ಆ ತುದಿ ದಾಟಿದ ಮೇಲೆ ವಾದ್ಯ ಮತ್ತೆ ಶುರುವಾಗುತ್ತದೆ.